ಎಂಟು ಸೊನ್ನೆಗಳು ಮತ್ತು ಕಸ್ತೂರೆವ್ವ ಅಕ್ಕೋರು

ಸಿಂಗನಕಟ್ಟಿ
ಇಸವಿ 2171, ಮುಚ್ಚುಗಾಲದ ಅರವತ್ತೆಂಟನೆಯ ದಿನ

ಹಿಂದಿನವರಿಗೆ ಫಕ್ಕೀರವ್ವ ಮಾಡುವ ಶರಣು.

ಮೊದಲಿಗೆ ನನ್ನ ಅಕ್ಷರವನ್ನು ಕ್ಷಮಿಸಬೇಕು. ಸಾಲುಗಳು ಮೇಲಕ್ಕೆ ಏರುತ್ತವೆ, ಒತ್ತಕ್ಷರಗಳು ಕೆಲವು ಕಡೆ ಬಿದ್ದುಹೋಗಿರಬಹುದು. ನಾನು ಓದಿದ್ದು ಐದನೆಯ ತರಗತಿಯವರೆಗೆ. ನಮ್ಮ ಕಾಲದಲ್ಲಿ ಬಹಳ ಜನ ಅಷ್ಟೇ ಓದುವುದು. ಆಮೇಲೆ ಕೆಲಸ ಕಲಿಯಲು ಹೋಗುತ್ತೇವೆ, ಬರೆಯಬೇಕಾದದ್ದನ್ನು ಗೋಡೆಯ ಕೇಳುಗನಿಗೆ ಹೇಳುತ್ತೇವೆ. ಕೇಳುಗ ಎಂದರೆ ನಾವು ಆಡಿದ ಮಾತನ್ನು ತಾನೇ ಬರೆದಿಟ್ಟುಕೊಳ್ಳುವ ಯಂತ್ರ. ಆದರೆ ಹಿಂದೋಲೆಯನ್ನು ಮಾತ್ರ ಕೈಯಲ್ಲೇ ಬರೆಯಬೇಕು. ನಮ್ಮೂರಿನಲ್ಲಿ ಎಲ್ಲರಿಗೂ ಬೇಕಾದವರು ತೀರಿಕೊಂಡರೆ ಅವರ ಬದುಕನ್ನು ಬರೆದು, ಅವರಿಗಿಂತ ಹಿಂದೆ ಬದುಕಿದ್ದವರಿಗೆ ಕಳಿಸುತ್ತೇವೆ. ಅದೇ ಹಿಂದೋಲೆ. ಊರಮನೆಯ ತಾಮ್ರದ ಪೆಟ್ಟಿಗೆಯಲ್ಲಿ ಹಾಕಿದರೆ ನಿಮಗೆ ತಲುಪುತ್ತದೆ ಎನ್ನುತ್ತಾರೆ. ಹೇಗೆ ಎಂದು ಕೇಳಲು ನನಗೆ ಸಂಕೋಚ. ಮೇಲಿನ ದಿನಾಂಕ ನೋಡಿ ಗಾಬರಿಯಾಗಬೇಡಿ. ಬಿಸಿಲಿಗೆ ಹೆದರಿ ಹಗಲೆಲ್ಲ ಬಾಗಿಲು ಹಾಕಿಕೊಂಡು ನೆಲಮಾಳಿಗೆಯಲ್ಲಿ ಇರುವ ಮೂರು ತಿಂಗಳಿಗೆ ನಾವು ಮುಚ್ಚುಗಾಲ ಎನ್ನುತ್ತೇವೆ.

ಈಗ ಕಸ್ತೂರೆವ್ವ ಅಕ್ಕೋರ ವಿಷಯ. ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ, ನಿಮ್ಮ ಕಾಲದಲ್ಲೂ ಹಾಗೇ ಅನ್ನುತ್ತಿದ್ದರಂತೆ. ಅವರು ತೀರಿಕೊಂಡು ಇಪ್ಪತ್ತನಾಲ್ಕು ದಿನವಾಯಿತು. ಅರವತ್ತೆಂಟು ವರ್ಷ ಬದುಕಿದರು. ನಮಗೆ ಅಕ್ಷರ ಕಲಿಸಿದವರೂ ಅವರೇ, ಬೆಳಗಿನ ತಂಪುಹೊತ್ತಿನಲ್ಲಿ ಶಾಲೆಯ ಮುಂದಿನ ಬಯಲಿನಲ್ಲಿ ಖೋ ಖೋ ಆಡಿಸಿದವರೂ ಅವರೇ. ಅವರ ಬಗ್ಗೆ ಬರೆಯಲು ಕುಳಿತರೆ ದುಃಖ ಬರಬೇಕು, ಬರುತ್ತದೆ ಕೂಡ. ಆದರೆ ಅದಕ್ಕಿಂತ ಮೊದಲು ಕಾಲು ಕುಣಿಯಲು ಶುರುಮಾಡುತ್ತದೆ, ಏನು ಮಾಡಲಿ!

ಒಂದು ಚಿಂತೆಯೂ ಇದೆ. ನಮ್ಮೂರಿನ ತೆರೆದ ನೆಲಕ್ಕೆಲ್ಲ ಒಬ್ಬೊಬ್ಬರ ಹೆಸರು ಇರಬೇಕು. ಹೆಸರು ಇದ್ದವರು ದಿನವೂ ಅಲ್ಲಿ ಮಕ್ಕಳಿಗೆ ಏನಾದರೂ ಕಲಿಸಬೇಕು. ಅವರು ಹೋದ ಮೇಲೆ ಮೂವತ್ತು ದಿನದೊಳಗೆ ಬೇರೆ ಯಾರೂ ಹೆಸರು ಬರೆಸದಿದ್ದರೆ ಆ ಜಾಗದಲ್ಲಿ ನೆರಳುಮನೆ ಕಟ್ಟುತ್ತಾರೆ. ಬಿಸಿಲಿಗೆ ಸಿಕ್ಕವರು ಬಂದು ಮಲಗಲು ಅದು ಬೇಕಾದದ್ದೇ, ನಾನು ಬೇಡವೆನ್ನುವುದಿಲ್ಲ. ಆದರೆ ಅದರೊಳಗೆ ಓಡಲು ಆಗುವುದಿಲ್ಲ. ಶಾಲೆಯ ಮುಂದಿನ ಬಯಲು ಅಕ್ಕೋರ ಹೆಸರಿನಲ್ಲಿತ್ತು. ನನ್ನನ್ನು ಸಾಕಿದ ಚಿಕ್ಕಮ್ಮ, ನಮ್ಮ ಮಾತಿನಲ್ಲಿ ಚಿಗವ್ವ, ಗೌರವ್ವ "ನೀನ ಬರಸ ಹೆಸರು. ಅಕ್ಕೋರ ಕೈಯಾಗ ಬೆಳದಾಕಿ ನೀನು" ಎಂದು ದಿನವೂ ಬೆನ್ನು ಹತ್ತಿದ್ದಾಳೆ. ನನಗೆ ಹತ್ತೊಂಬತ್ತು ವರ್ಷ. ಹೊಸಬರ ಮುಂದೆ ನನ್ನ ದನಿ ಹೊರಡುವುದಿಲ್ಲ. ಚಿಕ್ಕವಳಿದ್ದಾಗ ಜೊತೆಯವರು "ನಿನ್ನ ಖೋ ಕೇಳಬೇಕಂದ್ರ ನಮ್ಮ ಕಿವಿ ತಂದು ನಿನ್ನ ಬಾಯಾಗ ಇಡಬೇಕವಾ" ಎಂದು ಕಾಡುತ್ತಿದ್ದರು. ಓಲೆ ಬರೆಯುತ್ತೇನೆ, ಹೆಸರು ಬೇಡ ಎಂದೆ. ಕಾಗದದ ಮುಂದೆ ದನಿ ಬೇಕಿಲ್ಲವಲ್ಲ.

ಇನ್ನು ಅಕ್ಕೋರ ಕಥೆ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಅವರು ಶಾಲೆಯ ಹಳೆಯ ಕಪಾಟು ತೆರೆದಾಗ ನಿಮ್ಮ ಕಾಲದ ಒಂದು ನೋಟ್‌ಬುಕ್ ಸಿಕ್ಕಿತು. ಯಾರೋ ಆಟದ ಮಾಸ್ತರರು ಬರೆದದ್ದು, ಹೆಸರು ಗೆದ್ದಲಿನ ಪಾಲಾಗಿತ್ತು. ಆಗ ನಮ್ಮ ಕಡೆ ಖೋ ಖೋ ಎಂಬ ಹೆಸರು ಸಹ ಯಾರಿಗೂ ನೆನಪಿರಲಿಲ್ಲ. ಎರಡು ಕಂಬ ನೆಡಬೇಕು, ನಡುವೆ ಎಂಟು ಜನ ಸಾಲಾಗಿ ಕುಳಿತಿರಬೇಕು, ಒಂಬತ್ತನೆಯವಳು ಎದುರಾಳಿಗಳನ್ನು ಅಟ್ಟಬೇಕು, ದಣಿದರೆ ಕುಳಿತವಳ ಬೆನ್ನು ಮುಟ್ಟಿ ಖೋ ಎನ್ನಬೇಕು, ಅವಳು ಎದ್ದು ಓಡಬೇಕು, ಅಟ್ಟುವವಳು ಸಾಲಿನ ನಡುವೆ ನುಗ್ಗಬಾರದು, ಕಂಬ ಸುತ್ತಿಯೇ ಆಚೆ ಹೋಗಬೇಕು. ಎಲ್ಲವೂ ಅಂದವಾಗಿ ಬರೆದಿತ್ತು. ಚಿತ್ರವೂ ಇತ್ತು: ಒಂದು ಗೆರೆ, ಗೆರೆಯ ಮೇಲೆ ಎಂಟು ಸೊನ್ನೆ. ಆ ಸೊನ್ನೆಗಳೇ ಕುಳಿತ ಮಕ್ಕಳು. ಅವರು ಯಾವ ಕಡೆ ಮುಖ ಮಾಡಿ ಕುಳಿತಿದ್ದಾರೆ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ನಿಮಗೆ ಇದನ್ನು ಓದಿ ನಗು ಬಂದಿರಬೇಕು. ಒಬ್ಬರು ಆ ಕಡೆ, ಪಕ್ಕದವರು ಈ ಕಡೆ ಕೂರಬೇಕೆಂದು ನಿಮ್ಮ ಚಿಕ್ಕ ಮಕ್ಕಳಿಗೂ ಗೊತ್ತು. ಅಕ್ಕೋರಿಗೆ ಗೊತ್ತಿರಲಿಲ್ಲ. ತರಗತಿಯಲ್ಲಿ ಮಕ್ಕಳೆಲ್ಲ ಒಂದೇ ಕಡೆ ನೋಡುತ್ತಾರೆ, ಇಲ್ಲೂ ಹಾಗೇ ಇರಬೇಕು ಎಂದುಕೊಂಡು ಎಂಟೂ ಮಕ್ಕಳನ್ನು ಶಾಲೆಯ ಕಡೆ ಮುಖ ಮಾಡಿಸಿ ಕೂರಿಸಿದರು. ಎದ್ದವರೆಲ್ಲ ಶಾಲೆಯ ಕಡೆಗೇ ಓಡುತ್ತಿದ್ದರಿಂದ ತಪ್ಪಿಸಿಕೊಳ್ಳುವವರೂ ಅದೇ ಅರ್ಧದಲ್ಲಿ ಇರಬೇಕೆಂದು ಒಂದು ನಿಯಮ ತಾನಾಗಿ ಹುಟ್ಟಿತು. ಆದರೆ ಖೋ ಕೊಡಲು ಬೆನ್ನ ಕಡೆಗೆ ಬರಬೇಕಲ್ಲ, ಅದಕ್ಕೆ ಅಟ್ಟುವವಳು ಕಂಬ ಸುತ್ತಿ ಆಚೆ ಹೋಗುವುದನ್ನು ಮಾತ್ರ ಅಕ್ಕೋರು ಬಿಡದೆ ಕಲಿಸಿದರು. ಉಳಿದಂತೆ ಬೆನ್ನ ಹಿಂದಿನ ಅರ್ಧ ಬಯಲು ಖಾಲಿ. ಅಲ್ಲಿ ಊರಿನ ಹೆಂಗಸರು ಹಪ್ಪಳ, ಸಂಡಿಗೆ, ಕೆಂಪು ಮೆಣಸಿನಕಾಯಿ ಒಣಹಾಕಿದರು. ಹೀಗೆ ಇಪ್ಪತ್ತೆರಡು ವರ್ಷ! ನನ್ನ ಚಿಗವ್ವ ಆಡಿದ್ದೂ ಹಾಗೆ, ಆಮೇಲೆ ನಾನು ಕಲಿತದ್ದೂ ಹಾಗೆ. ಬೇರೆ ಊರಿನವರ ಆಟ ನೋಡೋಣವೆಂದರೆ ದಾರಿಯಿರಲಿಲ್ಲ. ಬಿಸಿಲಿನಲ್ಲಿ ಇಪ್ಪತ್ತು ಮೈಲಿ ಯಾರು ನಡೆಯುತ್ತಾರೆ?

ಏಳು ವರ್ಷದ ಹಿಂದೆ ಗಾಳಿಬಂಡಿ ನಮ್ಮೂರಿಗೆ ಬಂತು. ಅದು ದೊಡ್ಡ ಬಟ್ಟೆ ಕಟ್ಟಿಕೊಂಡು ಗಾಳಿಯ ಬಲದಿಂದ ಹಳಿಯ ಮೇಲೆ ಓಡುವ ಬಂಡಿ. ಮೊದಲ ವಾರವೇ ಅಕ್ಕೋರು ನಮ್ಮನ್ನು ಹೊಸಗುಂಡಿಗೆ ಆಟಕ್ಕೆ ಹೊರಡಿಸಿದರು. ಅಲ್ಲೂ ಯಾರೋ ಈ ಆಟ ಆಡಿಸುತ್ತಾರೆಂದು ಬಂಡಿ ನಡೆಸುವವರಿಂದ ಸುದ್ದಿ ಬಂದಿತ್ತು. ನನಗೆ ಹನ್ನೆರಡು ವರ್ಷ. ಬಂಡಿ ತಿರುವಿನಲ್ಲಿ ವಾಲಿದಾಗಲೆಲ್ಲ ನಾವು ಒಟ್ಟಿಗೆ ಕಿರುಚುತ್ತಿದ್ದೆವು. ನಮಗಿಂತ ಜೋರಾಗಿ ಅಕ್ಕೋರು ಕಿರುಚುತ್ತಿದ್ದರು.

ಹೊಸಗುಂಡಿಯ ಬಯಲಿನಲ್ಲಿ ನಾವು ಎಂಟು ಜನ ಒಂದೇ ಕಡೆ ಮುಖ ಮಾಡಿ ಠೀವಿಯಿಂದ ಕುಳಿತೆವು. ಅಲ್ಲಿ ಆಡಿಸುವವರು ಹುಸೇನಸಾಬ್ ಮಾಸ್ತರರು. ಅವರು ಹತ್ತಿರ ಬಂದು ನಮ್ಮನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, "ಅಕ್ಕೋರ, ಹುಡುಗ್ಯಾರು ಎಲ್ಲಾರೂ ಒಂದ ಕಡಿ ಮುಖ ಮಾಡಿ ಕುಂತಾರಲ್ಲ, ಫೋಟೋ ತಗಸ್ತೀರೇನು?" ಎಂದರು. ಅಕ್ಕೋರಿಗೆ ಅರ್ಥವಾಗಲಿಲ್ಲ, ನಕ್ಕರು. ಆಟ ಶುರುವಾಯಿತು. ಅವರ ಹುಡುಗಿಯರು ಸುಮ್ಮನೆ ನಮ್ಮ ಸಾಲಿನ ನಡುವೆ ನುಸುಳಿ ಬೆನ್ನ ಹಿಂದೆ ಹೋಗಿ ನಿಂತರು. ನಾವು ಎದ್ದರೆ ಮುಂದಕ್ಕೇ ಹೋಗಬೇಕು, ಹಿಂದೆ ಹೋಗಲು ಕಂಬದವರೆಗೆ ಓಡಿ ಸುತ್ತಿ ಬರಬೇಕು. ಬರುವಷ್ಟರಲ್ಲಿ ಅವರು ಮತ್ತೆ ಈ ಕಡೆ. ಒಬ್ಬಳಂತೂ ಸೊಂಟದ ಮೇಲೆ ಕೈಯಿಟ್ಟು ನಿಂತು, "ಯಾಕ್ರವಾ, ಈ ಕಡಿ ಬರಾಕ ನಿಮಗ ಹಾದಿ ಇಲ್ಲೇನು?" ಎಂದಳು. ಇಡೀ ಬಯಲು ನಕ್ಕಿತು. ಒಂಬತ್ತು ನಿಮಿಷದಲ್ಲಿ ನಾವು ಮುಟ್ಟಿದ್ದು ಒಬ್ಬಳನ್ನು, ಅದೂ ಅವಳು ಎಡವಿ ಬಿದ್ದದ್ದಕ್ಕೆ.

ನಾವು ಅಳುತ್ತಿದ್ದೆವು. ಅಕ್ಕೋರು ನೋಟ್‌ಬುಕ್ ತೆಗೆದು ಹುಸೇನಸಾಬ್ ಮಾಸ್ತರರಿಗೆ ಸೊನ್ನೆಗಳನ್ನು ತೋರಿಸಿದರು. ಅವರು ನಗುವುದನ್ನು ಬಿಟ್ಟು ಒಂದೊಂದರ ಮೇಲೂ ಬೆರಳಿಟ್ಟು ನೋಡಿದರು. "ಬರದಾತಗ ಇದನ್ನ ಹೇಳಬೇಕು ಅಂತ ಅನ್ನಿಸೇ ಇಲ್ಲ ನೋಡ್ರಿ" ಎಂದರು. ಅಕ್ಕೋರು ನಮ್ಮ ಕಡೆ ತಿರುಗಿದರು. ಎರಡೂ ಊರಿನ ಜನ ನಿಂತಿದ್ದರು. ಬೇರೆಯವರಾಗಿದ್ದರೆ ನಮ್ಮೂರಿನ ಪದ್ಧತಿಯೇ ಹೀಗೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅಕ್ಕೋರು ಎಲ್ಲರಿಗೂ ಕೇಳುವಂತೆ, "ಅಳಬ್ಯಾಡ್ರಿ. ತಪ್ಪು ನಿಮ್ಮದಲ್ಲ, ನಂದು. ಇಷ್ಟು ವರ್ಷ ನಿಮಗ ಅರ್ಧಾ ಬಯಲ ಕೊಟ್ಟೇನಿ. ನಾಳಿಂದ ಪೂರಾ ಕೊಡ್ತೀನಿ" ಎಂದರು. ಆಮೇಲೆ ನಡೆದದ್ದನ್ನು ಹೇಳಲೇಬೇಕು. ಮಾಸ್ತರರು ನಮ್ಮನ್ನು ಕರೆದು, "ಕಂಬ ಹ್ಯಾಂಗ ತಿರುಗ್ತೀರಿ, ಇನ್ನೊಮ್ಮಿ ತೋರಸ್ರಿ" ಎಂದರು. ಒಂದು ಕೈ ಕಂಬಕ್ಕೆ ಕೊಟ್ಟು, ಮೈಯನ್ನು ನೆಲಕ್ಕೆ ತಾಗುವಷ್ಟು ವಾಲಿಸಿ, ವೇಗ ಕಡಿಮೆ ಮಾಡದೆ ತಿರುಗುವುದನ್ನು ನಾವು ಮಾಡಿ ತೋರಿಸಿದೆವು. ಅಂಥ ತಿರುವು ಅವರ ಹುಡುಗಿಯರಿಗೆ ಬರುತ್ತಿರಲಿಲ್ಲ. ಈಗ ನಾಲ್ಕು ಊರಿನ ಮಕ್ಕಳು ಅದನ್ನು ಕಲಿಯಲು ಗಾಳಿಬಂಡಿ ಹತ್ತಿ ನಮ್ಮಲ್ಲಿಗೆ ಬರುತ್ತಾರೆ!

ಊರಿಗೆ ಬಂದ ಸಂಜೆಯೇ ಅಕ್ಕೋರು ತಮ್ಮ ಕೈಯಲ್ಲಿ ಕಲಿತವರ ಮನೆಮನೆಗೂ ಹೋದರು. ನಮ್ಮ ಮನೆಯ ಹೊಸ್ತಿಲ ಹೊರಗೇ ನಿಂತು, "ಗೌರವ್ವಾ, ನಿನಗ ತಪ್ಪು ಕಲಿಸೇನಿ. ನಾಳೆ ಮುಂಜಾನೆ ಬಾ, ತಿದ್ದಿ ಕೊಡ್ತೀನಿ" ಎಂದರು. ಚಿಗವ್ವನ ಕೈ ತುಂಬ ರೊಟ್ಟಿಯ ಹಿಟ್ಟು. "ಅಯ್ಯ ಅಕ್ಕೋರ, ನನಗೀಗ ಮೂರು ಮಕ್ಕಳು. ಯಾರ ಹಿಂದ ಓಡ್ಲಿ ನಾನು?" ಎಂದಳು.

"ಆ ಮೂವರ ಹಿಂದ ದಿನಾ ಓಡ್ತೀಯಲ್ಲ, ಅಷ್ಟ ರೂಢಿ ಸಾಕು" ಎಂದರು ಅಕ್ಕೋರು.

ಮರುದಿನ ಬೆಳಕು ಹರಿಯುವ ಮೊದಲೇ ಬಯಲು ತುಂಬಿತ್ತು. ಸೀರೆಯ ನೆರಿಗೆ ಮೇಲೆ ಸಿಕ್ಕಿಸಿಕೊಂಡ ಹೆಂಗಸರು, ಮೀಸೆ ಬಲಿತ ಗಂಡಸರು, ನಾವು ಮಕ್ಕಳು. ಹಪ್ಪಳದ ಚಾಪೆಗಳನ್ನು ಸುತ್ತಿಟ್ಟೆವು. ಅಕ್ಕೋರು ಸಾಲಿನಲ್ಲಿ ಒಬ್ಬರನ್ನು ಬಿಟ್ಟು ಒಬ್ಬರ ಭುಜ ಹಿಡಿದು, "ನೀ ತಿರುಗು, ನೀ ಹಾಂಗ ಇರು, ನೀ ತಿರುಗು" ಎನ್ನುತ್ತಾ ಬಂದರು. ನಮ್ಮ ಚಿಗವ್ವ ತಿರುಗಿ ಕುಳಿತು, "ಇಷ್ಟು ದಿನ ಹಪ್ಪಳ ಒಣಗಿದ ಜಾಗದಾಗ ಇನ್ನ ನಾವ ಒಣಗಬೇಕು" ಎಂದಳು. ಆಟ ಶುರುವಾಯಿತು ನೋಡಿ! ಓಡುವವರು ಆ ಕಡೆ ಹೋದರೆ ಆ ಕಡೆಯವಳು ಏಳುತ್ತಾಳೆ, ಈ ಕಡೆ ಬಂದರೆ ಈ ಕಡೆಯವಳು. ಯಾರಿಗೂ ನಿಲ್ಲಲು ಜಾಗವಿಲ್ಲ. ಮನೆಯಲ್ಲಿ ಇಷ್ಟು ದಿನ ಮುಚ್ಚಿದ್ದ ಒಂದು ಕೋಣೆಯ ಬಾಗಿಲು ತೆರೆದ ಹಾಗೆ ಆಯಿತು. ಬಿಸಿಲು ಏರಿದರೂ ಯಾರೂ ಹೊರಡಲಿಲ್ಲ, ಅಕ್ಕೋರೇ ಬೆದರಿಸಿ ಕಳಿಸಬೇಕಾಯಿತು.

ಇಲ್ಲಿಯವರೆಗೆ ಬರೆದು ಮೊನ್ನೆ ನಿಲ್ಲಿಸಿದ್ದೆ. ನಾನು ಹೆಸರು ಬೇಡವೆಂದದ್ದು ದನಿಯ ಕಾರಣಕ್ಕೆ ಮಾತ್ರ ಅಲ್ಲ. ಐದನೆಯ ತರಗತಿ ಓದಿದವಳು ಏನಾದರೂ ತಪ್ಪು ಕಲಿಸಿಬಿಟ್ಟರೆ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು. ಬರೆದದ್ದನ್ನು ಓದಿದೆ. ಅಕ್ಕೋರು ಇಪ್ಪತ್ತೆರಡು ವರ್ಷ ತಪ್ಪು ಕಲಿಸಿದ್ದರು. ತಪ್ಪು ತಿದ್ದಲು ಕರೆದಾಗ ಊರೇ ಎದ್ದು ಬಂತು. ಇನ್ನೊಮ್ಮೆ ಓದಿದೆ. ನಿನ್ನೆ ಮುಂಜಾನೆ ಊರಮನೆಗೆ ಹೋಗಿ ಹೆಸರು ಹೇಳಿದೆ. ಅಲ್ಲಿ ಕುಳಿತಿದ್ದ ಅಣ್ಣ, "ಸ್ವಲ್ಪ ಜೋರ ಹೇಳವಾ ತಂಗಿ, ಕೇಳುಗಗ ಕೇಳವಲ್ದು" ಎಂದ. ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲ ಹೊರಗೆ ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಬಯಲು ಈಗ ನನ್ನ ಹೆಸರಿನಲ್ಲಿದೆ.

ನಿಮ್ಮಲ್ಲಿ ಒಂದು ಕೇಳಿಕೆ. ಆ ನೋಟ್‌ಬುಕ್ ಬರೆದ ಮಾಸ್ತರರು ನಿಮ್ಮ ನಡುವೆ ಎಲ್ಲೋ ಇರಬಹುದು. ಅವರ ಮೇಲೆ ನಮಗೆ ಸಿಟ್ಟಿಲ್ಲ, ಅವರು ಬರೆಯದಿದ್ದರೆ ನಮಗೆ ಅರ್ಧ ಬಯಲೂ ಸಿಗುತ್ತಿರಲಿಲ್ಲ. ನೀವು ಮಕ್ಕಳಿಗೆ ಏನನ್ನೇ ಕಲಿಸುತ್ತಿದ್ದರೂ ಬರೆದಿಡಿ. ಎಲ್ಲರಿಗೂ ಗೊತ್ತಿರುವುದನ್ನು ಏಕೆ ಬರೆಯಬೇಕೆಂದು ಬಿಡಬೇಡಿ, ಅದನ್ನೇ ಮೊದಲು ಬರೆಯಿರಿ. ಸೊನ್ನೆಗೆ ಒಂದು ಮೂಗು ಹಾಕಿದರೂ ಸಾಕು, ಯಾವ ಕಡೆ ನೋಡುತ್ತಿದೆ ಎಂದು ನಮಗೆ ತಿಳಿಯುತ್ತದೆ.

ಇಂದು ಬೆಳಿಗ್ಗೆ ತಂಪುಹೊತ್ತಿಗೆ ಬಯಲಿಗೆ ಹೋದೆ. ಹೊಸದಾಗಿ ಬಂದ ಒಂದು ಪುಟ್ಟ ಹುಡುಗಿಗೆ ಓಡುವಾಗ ಕೂದಲು ಕಣ್ಣಿಗೆ ಬೀಳುತ್ತಿತ್ತು. ಅವಳನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಬಿಗಿಯಾಗಿ ಎರಡು ಜಡೆ ಹಾಕಿ ಕಳಿಸಿದೆ.