ನಾಲ್ಕು ದಿನ ಬಾರದ ವರದಿ

ಮಾರ್ಚ್ ೧೨, ಗುರುವಾರ

ಹೊಟ್ಟೆಯ ಗಡ್ಡೆ ತೆಗೆಸಿ ಆರು ತಿಂಗಳಾಯಿತು. ಕ್ಯಾನ್ಸರ್ ಮರಳುತ್ತಿದೆಯೇ ಎಂದು ತಿಳಿಯಲು ಮಾಡಿಸಿದ ರಕ್ತಪರೀಕ್ಷೆಯ ವರದಿ ಕೇಳಿದರೆ, ನಾಲ್ಕು ದಿನದಿಂದ ಇವರದು ಒಂದೇ ಮಾತು: “ಇನ್ನೂ ಬಂದಿಲ್ಲ ಕಣೇ.” ಹೇಳುವಾಗ ನನ್ನ ಮುಖ ನೋಡುವುದಿಲ್ಲ. ನಾನು ಹೇಳದೆಯೇ ಪಾತ್ರೆ ತೊಳೆಯುತ್ತಾರೆ. ಸಾಯುವವಳಿಗಲ್ಲದೆ ಇಷ್ಟು ಉಪಚಾರ ಯಾರಿಗೆ?

ಇಂದು ನಾನೇ ಲ್ಯಾಬಿಗೆ ಫೋನ್ ಮಾಡಿದೆ. “ಸೋಮವಾರಾನೇ ನಿಮ್ಮನೆಯವ್ರು ತಗೊಂಡು ಹೋದ್ರಲ್ಲಮ್ಮಾ!”

ಸಂಜೆ ಅವರ ಚೀಲ ತಡಕಿದೆ. ಲ್ಯಾಬಿನ ಲಕೋಟೆ ಸಿಕ್ಕಿತು, ಅದರ ಅಂಟೇ ಬಿಟ್ಟಿರಲಿಲ್ಲ.

“ಓದೇ ಇಲ್ವಾ?”

“ಧೈರ್ಯ ಬರ್ಲಿಲ್ಲ.”

ನಾನೇ ಹರಿದೆ. ಕ್ಯಾನ್ಸರಿನ ಸುಳಿವು ಕೊಡುವ ಅಂಕಿ ಆಪರೇಷನ್ನಿಗೆ ಮುಂಚಿನದರ ಕಾಲುಭಾಗಕ್ಕೆ ಇಳಿದು, ಮಾಮೂಲಿ ಮಿತಿಯೊಳಗೇ ಇತ್ತು. ಅವರು ಅಡುಗೆಮನೆಯ ನೆಲದ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತರು. ಬೆನ್ನು ಸವರಿದೆ. ಒಳಗೊಳಗೇ ಸಿಟ್ಟೂ ಬಂತು. ಈ ಮನುಷ್ಯ ನಾಲ್ಕು ದಿನ ಮನಸ್ಸಿನಲ್ಲೇ ನನ್ನನ್ನು ಮಣ್ಣು ಮಾಡಿಬಿಟ್ಟಿದ್ದರಲ್ಲ!

ಈಗ ಗೊರಕೆ ಹೊಡೆಯುತ್ತಿದ್ದಾರೆ. ಹಾಳೆಯ ಮೇಲಿನ ಹೆಸರು, ವಯಸ್ಸು ನನ್ನದೇ ತಾನೇ ಎಂದು ಮೂರನೇ ಸಲ ನೋಡಿದೆ. ನನ್ನದೇ. ಆದರೂ ನಾಳೆ ಡಾಕ್ಟರನ್ನು ಒಂದು ಮಾತು...