ತಿರುವಿನಲ್ಲಿ ಇಪ್ಪತ್ತೆರಡು ಮೀಟರ್

ಮನೆಯಿಂದ,
ಹನ್ನೊಂದನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಗೋದಾಮಿನ ಕಾವಲು ಅಂದರೆ ದಿನವಿಡೀ ಕುರ್ಚಿಗೆ ಅಂಟಿಕೊಂಡೇ ಇರಬೇಕು ಅಂತೇನಿಲ್ಲ, ಆಗಾಗ ಎದ್ದು ಓಡಾಡು. ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಅಂತ ನರಳ್ತಾಳೆ, ಆದರೆ ಪಕ್ಕದ ಮನೆಯವರ ಮೇಲೆ ಜಗಳಕ್ಕೆ ಹೋಗುವಾಗ ಮಾತ್ರ ಎರಡೆರಡು ಮೆಟ್ಟಿಲು ಹಾರಿ ಇಳೀತಾಳೆ. ಹಾಗಾಗಿ ಆ ವಿಷಯದಲ್ಲಿ ಚಿಂತೆ ಬೇಡ.

ನನ್ನ ಕೆಲಸದ ಸುದ್ದಿ ಬರೆದಾಗಲೆಲ್ಲ ನೀನು ಉತ್ತರ ಬರೆಯೋದಿಲ್ಲ. ಯಾಕೆ ಅಂತ ನನಗೆ ಗೊತ್ತು. ಈ ಸಲ ಮಾತ್ರ ಕಾಗದ ಮಡಚಿಡದೆ ಕೊನೇವರೆಗೆ ಓದು. ಗಾಡಿಗಳಿಗೆ ಸಿಕ್ಕಿ ಸಾಯುವ ಪ್ರಾಣಿಗಳ ನಮ್ಮ ಸಮೀಕ್ಷೆ ಇದ್ದದ್ದೇ ಕಾಡಿನ ರಸ್ತೆಯ ಆ ತಿರುವಿನಲ್ಲಿ. ಹೌದು, ನಿನ್ನ ಬಸ್ಸಿಗೆ ಜಿಂಕೆಗಳ ಹಿಂಡು ಅಡ್ಡ ಬಂದು, ಬಸ್ಸು ಹಳ್ಳಕ್ಕೆ ಇಳಿದ ತಿರುವು. ಅವತ್ತು ಸತ್ತದ್ದು ಎರಡು ಜಿಂಕೆ, ಮುರಿದದ್ದು ಕಂಡಕ್ಟರನ ಕಾಲು. ಅವನು ಆರು ತಿಂಗಳಲ್ಲಿ ಎದ್ದು ಡ್ಯೂಟಿಗೆ ಹೋದ. ನೀನು ಮಾತ್ರ ಸ್ಟೀರಿಂಗೂ ಬಿಟ್ಟೆ, ಊರೂ ಬಿಟ್ಟೆ.

ಬೆಳಿಗ್ಗೆ ಐದೂವರೆಗೆ ನಾನು ಡ್ರೋನ್ ಹಾರಿಸ್ತೀನಿ. ಅದರ ಕ್ಯಾಮೆರಾ ಮೈಯ ಬಿಸಿಯನ್ನು ಹಿಡಿಯುತ್ತೆ. ಕಪ್ಪು ಕಾಡಿನೊಳಗೆ ಜಿಂಕೆಗಳು ಬಿಳಿ ಅಕ್ಕಿಕಾಳು ಉರುಳಿದ ಹಾಗೆ ಕಾಣ್ತವೆ, ನೋಡೋಕೆ ಎರಡು ಕಣ್ಣು ಸಾಲದು. ಬಿಸಿಲೇರಿದ ಮೇಲೆ ರಸ್ತೆ ಬದಿ ಕೂತು ಗಾಡಿಗಳ ವೇಗ ಬರೆದುಕೊಳ್ಳೋದು. ನಮ್ಮ ಸಾಹೇಬರಿಗೆ ನಾನಿಟ್ಟ ಹೆಸರು ಸೊನ್ನೆ ಸಾಹೇಬರು. "ಏನೂ ಕಾಣದಿದ್ದರೆ ಖಾಲಿ ಬಿಡಬೇಡ, ಸೊನ್ನೆ ಬರಿ, ಅದೂ ಮಾಹಿತಿನೇ" ಅಂತ ದಿನಕ್ಕೆ ಹತ್ತು ಸಲ ಹೇಳ್ತಾರೆ. ನಲವತ್ತು ದಿನ ಹಾರಿಸಿದ ಮೇಲೆ ಗೊತ್ತಾಯಿತು: 'ಪ್ರಾಣಿಗಳು ದಾಟುವ ಜಾಗ' ಅನ್ನೋ ಬೋರ್ಡು ಇರೋದು ಒಂದು ಕಡೆ, ಜಿಂಕೆಗಳು ದಾಟೋದು ಅಲ್ಲಿಂದ ಅರ್ಧ ಕಿಲೋಮೀಟರ್ ಮುಂದೆ, ಸರಿಯಾಗಿ ತಿರುವಿನ ಪೊದೆಗಳ ಹಿಂದಿನಿಂದ! ಪಾಪ, ಅವಕ್ಕೆ ಓದು ಬರಲ್ಲವಲ್ಲ.

ಆಮೇಲೆ ಒಂದು ಏಣಿ ತಂದು, ಬಸ್ ಡ್ರೈವರ್ ಕೂರುವ ಎತ್ತರಕ್ಕೆ ಹತ್ತಿ ನಿಂತು ಅಳೆದೆ. ಪೊದೆಯಿಂದ ಹೊರಬಂದ ಜಿಂಕೆ ಕಣ್ಣಿಗೆ ಬೀಳೋ ಹೊತ್ತಿಗೆ ನಡುವೆ ಉಳಿಯೋದು ಇಪ್ಪತ್ತೆರಡು ಮೀಟರ್. ಅಲ್ಲಿಯ ವೇಗದ ಮಿತಿ ಗಂಟೆಗೆ ಐವತ್ತು ಕಿಲೋಮೀಟರ್. ಆ ವೇಗದ ಬಸ್ಸು ನಿಲ್ಲೋಕೆ ನಲವತ್ತು ಮೀಟರಾದರೂ ಬೇಕು. ನೀನು ಅವತ್ತು ನಲವತ್ತಾರರಲ್ಲಿದ್ದೆ ಅಂತ ಬಸ್ಸಿನ ದಾಖಲೆಯಲ್ಲೇ ಇದೆ. ಏಣಿ ಮೇಲೆ ನಿಂತು ನಾನು ಅತ್ತೆ ಅಣ್ಣಾ. ಸಾಹೇಬರು ಬೇರೆ ಕಡೆ ನೋಡಿದ ಹಾಗೆ ಮಾಡಿದರು.

ಇದನ್ನೆಲ್ಲ ವರದಿ ಮಾಡಿ ಒಪ್ಪಿಸಿದ ಮೀಟಿಂಗಿನಲ್ಲಿ ರಸ್ತೆಯ ಇಂಜಿನಿಯರು, "ಡ್ರೈವರ್‌ಗಳು ತೂಕಡಿಸಿದರೆ ಬೋರ್ಡು ಏನು ಮಾಡುತ್ತೆ?" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ಏಣಿ ಅಲ್ಲೇ ಇದೆ ಸಾರ್, ನೀವೇ ಹತ್ತಿ ನೋಡಿ" ಅಂದುಬಿಟ್ಟೆ. ಮರುದಿನ ಮನುಷ್ಯ ನಿಜವಾಗಿಯೂ ಬಂದರು, ಹತ್ತಿದರು. ಇಳಿದ ಮೇಲೆ, "ನಾನಾಗಿದ್ದರೂ ಗುದ್ದುತ್ತಿದ್ದೆ ಕಣಮ್ಮ" ಅಂದರು. ಹದಿನೈದೇ ದಿನದಲ್ಲಿ ಪೊದೆ ಸವರಿದರು, ಬೋರ್ಡು ಸರಿಸಿದರು, ತಿರುವಿನ ಎರಡೂ ಕಡೆ ರಸ್ತೆಗೆ ಉಬ್ಬು ಹಾಕಿದರು. ಈಗ ಎರಡು ತಿಂಗಳಿಂದ, ಸತ್ತ ಪ್ರಾಣಿಗಳ ಸಾಲಿನಲ್ಲಿ ನಾನು ಬರೀ ಸೊನ್ನೆ ಸುತ್ತುತ್ತಿದ್ದೀನಿ. ಇಷ್ಟು ಖುಷಿಯಿಂದ ಶಾಲೆಯಲ್ಲೂ ಅಕ್ಷರ ತಿದ್ದಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ನಿನ್ನ ತಲೆ ಸವರಿ ಹರಸಿದ್ದಾಳೆ ಅಂತ ಬರೆಯೋಕೆ ಹೇಳಿದಳು.

ನಿನ್ನ ತಂಗಿ,
ಗುಬ್ಬಿ

ಮರೆತಿದ್ದೆ. ಇಲ್ಲ, ಸುಳ್ಳು, ಹೆದರಿ ಬರೆದಿರಲಿಲ್ಲ. ನಿನ್ನನ್ನು ಕೇಳದೆ ವರದಿಯ ಒಂದು ಪ್ರತಿಯನ್ನು ನಿನ್ನ ಹಳೇ ಬಸ್ ಡಿಪೋ ಮ್ಯಾನೇಜರ್ ಕೈಗೆ ಕೊಟ್ಟು ಬಂದೆ. ಅವರು ಎರಡು ಸಲ ಓದಿ, "ಒಂದನೇ ತಾರೀಖಿಗೆ ಡ್ಯೂಟಿಗೆ ಬರೋಕೆ ಹೇಳು" ಅಂದರು. ಬರ್ತಾನೆ ಅಂತ ನಾನೇ ಒಪ್ಪಿಕೊಂಡುಬಿಟ್ಟಿದ್ದೀನಿ. ಕೋಪ ಬಂದರೆ ಕಾಗದದಲ್ಲಿ ಬೈಬೇಡ, ಎದುರಿಗೇ ಬಂದು ಬೈ.