ಹಿಂದಿನ ಎಡಬಾಗಿಲು

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಗುಬ್ಬಿ,

ಮುದ್ರಣಾಲಯದ ಮುಷ್ಕರ ನಡೆದ ವರ್ಷ, ಮಳೆಗಾಲ ಶುರುವಾಗುವ ಮುಂಚಿನ ಒಂದು ಸೋಮವಾರ, ಹಾಡಹಗಲೇ, ಕೈಗೆ ಮೆತ್ತಿದ ಮಸಿ ತೊಳೆದುಕೊಳ್ಳಲೂ ಬಿಡದೆ ಪೊಲೀಸರು ನಿನ್ನಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಆ ವಾರವೇ, ಅವನು ತಾನಾಗಿ ಬಾಗಿಲು ತೆಗೆದು ಓಡಿಹೋದ ಎಂದು ಹೇಳಿಕೆ ಕೊಟ್ಟರು. ನಿನಗಾಗ ನಾಲ್ಕು ತುಂಬಿರಲಿಲ್ಲ.

ಪತ್ರವನ್ನು ಹೀಗೆ ಶುರುಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೊದಲು ನಿನ್ನ ಬೆನ್ನುನೋವು ಹೇಗಿದೆ, ಹೊಸ ಮನೆಗೆ ಬೆಳಕು ಬರುತ್ತದೆಯೇ ಎಂದೆಲ್ಲ ಕೇಳಬೇಕಿತ್ತು. ನಿನ್ನ ಎರಡು ಪತ್ರಗಳಿಗೂ ನಾನು ಉತ್ತರ ಬರೆಯಲಿಲ್ಲ. ಫೋನು ಮಾಡಿದಾಗ ಹಾಂ ಹೂಂ ಎಂದು ಇಟ್ಟುಬಿಟ್ಟೆ. ಮಂಡಿನೋವೂ ಅಲ್ಲ, ಮುನಿಸೂ ಅಲ್ಲ. ಹೆದರಿಕೆ. ಗ್ರಂಥಾಲಯದಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳಿಗೇ “ಸದ್ದು ಮಾಡಬೇಡಿ” ಎಂದು ಗದರಿಸುತ್ತಿದ್ದ ನಿನ್ನ ಅತ್ತೆಗೆ ಹೆದರಿಕೆಯೇ ಎಂದು ನಗಬೇಡ. ಈ ಪತ್ರವನ್ನು ನಮ್ಮ ಬೀದಿಯ ಡಬ್ಬಿಗೆ ಹಾಕಲೂ ಅಂಜಿಕೆಯಾಗಿ, ನಾಳೆ ರೈಲು ನಿಲ್ದಾಣದವರೆಗೆ ನಡೆದು ಹಾಕುತ್ತೇನೆ.

ಕಾರಿನ ವಿಷಯ ನಿನಗೆ ಗೊತ್ತಿದೆ. ನಿವೃತ್ತಿಯಾದ ಮೇಲೆ ಗುಜರಿಯವನಿಂದ ತಂದ ಆ ಹಳದಿ ಕಾರು. ತಂದ ದಿನ ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಈಗ ನನಗೆ ಗ್ರೀಸಮ್ಮ ಎಂದೇ ಹೆಸರು. ಎದುರುಮನೆಯಾಕೆ ಒಮ್ಮೆ, “ಗ್ರೀಸಮ್ಮನೋರೇ, ಇದು ಓಡೋದು ಯಾವಾಗ?” ಎಂದು ಕೇಳಿದರೆ ನಿನ್ನ ಮಾವ ಒಳಗಿನಿಂದಲೇ, “ಓಡಿದ್ರೆ ಅವಳಿಗೆ ಕೆಲಸ ಏನಿರತ್ತೆ?” ಎಂದರು. ಅವರ ಲೆಕ್ಕದಲ್ಲಿ ಅದು ನನ್ನ ಎರಡನೇ ಸಂಸಾರ.

ಮಾತು ನಿಜವೇ. ಓಡಿಸುವ ಆತುರ ನನಗೆ ಯಾವತ್ತೂ ಇರಲಿಲ್ಲ. ಹಿಡಿ ಮುರಿದ ಟೀ ಕಪ್ಪುಗಳಲ್ಲಿ ನಟ್ಟುಗಳನ್ನು ಸೀಮೆಎಣ್ಣೆಗೆ ಹಾಕಿ ನೆನೆಸಿಡುವುದು, ಕಾರ್ಬುರೇಟರಿನ ಸಣ್ಣ ಕಂಡಿಗಳಿಗೆ ಬಾಯಿಂದ ಗಾಳಿ ಊದುವುದು, ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟಿಗೆ ಎಣ್ಣೆ ಬಿಟ್ಟು ಮಾರನೆಯ ದಿನ ಮತ್ತೆ ಸ್ಪ್ಯಾನರ್ ಹಾಕುವುದು. ಅದು ಕಿರ್ ಎಂದು ಅರ್ಧ ಸುತ್ತು ಬಂದರೆ ಆ ದಿನದ ಪುಣ್ಯ. ಜನ್ಮವೆಲ್ಲ ಪುಸ್ತಕಗಳ ಜೊತೆ ಕಳೆದವಳು ನಾನು. ಪುಸ್ತಕ ತಾನು ಹೇಳಿದ್ದನ್ನೇ ಹೇಳುತ್ತದೆ, ಬೋಲ್ಟು ಒಮ್ಮೊಮ್ಮೆ ನಮ್ಮ ಮಾತು ಕೇಳುತ್ತದೆ. ಮಧ್ಯಾಹ್ನದ ಹೊತ್ತು ಶೆಡ್ಡಿನ ತಗಡು ಕಾಯುತ್ತಾ ಟಿಕ್ ಟಿಕ್ ಎನ್ನುವಾಗ ಅಲ್ಲಿ ಕುಳಿತರೆ ಪ್ರಪಂಚದಲ್ಲಿ ನನಗೆ ಯಾರ ಮೇಲೂ ಸಿಟ್ಟಿರುತ್ತಿರಲಿಲ್ಲ. ನಾನು ಎಂಥ ಸಿಟ್ಟಿನವಳೆಂದು ಬಲ್ಲ ನಿನಗೆ, ಇದು ಎಷ್ಟು ದೊಡ್ಡ ಮಾತು ಎಂಬುದೂ ಗೊತ್ತು.

ಹೋದ ತಿಂಗಳು ಬಾಗಿಲುಗಳಿಗೆ ಹೊಸ ರಬ್ಬರು ಕೂರಿಸಿದೆ. ರಬ್ಬರು ಸರಿಯಾಗಿ ಕೂತಿದೆಯೇ ಎಂದು ನೋಡಬೇಕಾದರೆ ಒಬ್ಬರು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಬಾಗಿಲು ಹಾಕಬೇಕು. ಅಂಚಿನಲ್ಲಿ ಎಲ್ಲಾದರೂ ಬೆಳಕಿನ ಗೆರೆ ಕಂಡರೆ ಅಲ್ಲಿ ಮಳೆಗಾಲದಲ್ಲಿ ನೀರು ಸೋರುತ್ತದೆ. ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ನಿನ್ನ ಮಾವ ಬಾಗಿಲು ಹಾಕಿದರು. ಅಷ್ಟರಲ್ಲಿ ಮನೆಯೊಳಗೆ ಫೋನು ಬಡಿದುಕೊಂಡಿತು, ಅವರು ಹೋದರು.

ಬೆಳಕು ಎಲ್ಲೂ ಕಾಣಲಿಲ್ಲ. ನನ್ನ ಕೆಲಸಕ್ಕೆ ನಾನೇ ಭೇಷ್ ಎಂದುಕೊಂಡು ಬಾಗಿಲು ತೆಗೆಯಲು ಕೈ ಚಾಚಿದೆ. ಹಿಡಿ ಇರಲಿಲ್ಲ. ಗಾಜು ಇಳಿಸುವ ತಿರುಪೂ ಇರಲಿಲ್ಲ. ಹಿಂದಿನ ಬಾಗಿಲುಗಳಿಗೆ ಒಳಗಡೆ ಹಿಡಿ ಇಲ್ಲವೆಂಬುದು ತಂದ ದಿನದಿಂದಲೂ ಗೊತ್ತಿದ್ದದ್ದೇ. ಹಳೇ ಕಾರು, ಎಲ್ಲೋ ಬಿದ್ದುಹೋಗಿರಬೇಕು, ಗುಜರಿಯಲ್ಲಿ ಹುಡುಕಿದರಾಯಿತು ಎಂದುಕೊಂಡಿದ್ದೆ. ಆದರೆ ಆ ದಿನ ನನ್ನ ಬೆರಳು ತಾನಾಗಿ ಹೋಗಿ ಕೂತದ್ದು ಒಂದು ಸಣ್ಣ ಗುಳಿಯಲ್ಲಿ. ಹಿಡಿ ಇರಬೇಕಾದ ಜಾಗದಲ್ಲಿ ಬಾಗಿಲಿನ ಒಳಹೊದಿಕೆ ಸವೆದು, ನುಣುಪಾಗಿ, ಬೆರಳು ಹಿಡಿಸುವಷ್ಟು ತಗ್ಗಾಗಿತ್ತು. ಹಿಡಿಯೇ ಇಲ್ಲದ ಕಡೆ ಅಷ್ಟು ಕೈಗಳು ಏನನ್ನು ಹುಡುಕಿದವು ಗುಬ್ಬಿ?

ಕೂಗಿದೆ. ಹೊಸ ರಬ್ಬರು ನನ್ನ ಕೂಗನ್ನು ಹೊರಗೆ ಬಿಡಲಿಲ್ಲ. ಕೊನೆಗೆ ಮುಂದಿನ ಸೀಟಿನ ಮೇಲೆ ಮಗುವಿನ ಹಾಗೆ ತೆವಳಿ, ಮುಂಬಾಗಿಲು ತೆಗೆದು, ಶೆಡ್ಡಿನ ನೆಲಕ್ಕೆ ಬಿದ್ದೆ. ನಿನ್ನ ಮಾವ ಬಂದವರು, “ಕಾರಿಂದ ಇಳಿಯಕ್ಕೆ ಇಂಥದ್ದೊಂದು ದಾರಿ ಇದೆ ಅಂತ ಗೊತ್ತೇ ಇರ್ಲಿಲ್ಲ” ಎಂದು ನಗಾಡಿದರು. ನಾನು ನಗಲಿಲ್ಲ. ಮುಂದಿನ ಸೀಟು ಖಾಲಿ ಇದ್ದದ್ದರಿಂದ ನಾನು ಹೊರಗೆ ಬಂದೆ ಎಂಬ ಒಂದೇ ಮಾತು ತಲೆಯಲ್ಲಿತ್ತು.

ನಿನ್ನಪ್ಪನ ಕಾರಿನಲ್ಲಿ ಅದು ಖಾಲಿ ಇರಲಿಲ್ಲ. ಮುಂದೆ ಇಬ್ಬರು, ಹಿಂದೆ ಅವನ ಬಲಕ್ಕೆ ಒಬ್ಬ. ಕಣ್ಣಾರೆ ಕಂಡಿದ್ದ ಮುದ್ರಣಾಲಯದ ಯಜಮಾನರು ಸಾಯುವವರೆಗೂ ಇದನ್ನೇ ಹೇಳುತ್ತಿದ್ದರು. ಪೊಲೀಸ್ ಕಚೇರಿಯ ಹೇಳಿಕೆ ನನಗೆ ಬಾಯಿಪಾಠ: “ಸೇತುವೆಯ ತಿರುವಿನಲ್ಲಿ ವಾಹನವು ನಿಧಾನವಾದಾಗ ಸದರಿ ವ್ಯಕ್ತಿಯು ಹಿಂದಿನ ಎಡಬಾಗಿಲನ್ನು ತೆರೆದು ಕೆಳಗೆ ಹಾರಿ ಪರಾರಿಯಾಗಿರುತ್ತಾನೆ.”

ಮರುದಿನ ಬಾಗಿಲಿನ ಒಳಹೊದಿಕೆ ಬಿಚ್ಚಿದೆ. ಹಿಡಿ ಬಿದ್ದುಹೋಗಿರಲಿಲ್ಲ. ಅದು ಕೂರುವ ಉಕ್ಕಿನ ಕಡ್ಡಿಯನ್ನು ಗರಗಸದಿಂದ ಕೊಯ್ದು, ಅರದಿಂದ ಉಜ್ಜಿ, ಮೇಲೊಂದು ದುಂಡನೆಯ ತಗಡು ಬೆಸೆದಿದ್ದರು. ಅಚ್ಚುಕಟ್ಟಾದ ಕೆಲಸ, ನಾಲ್ಕು ಜನಕ್ಕೆ ತೋರಿಸಬಹುದಾದಂಥದ್ದು. ಬಲಗಡೆಯೂ ಹಾಗೇ. ಹೊರಗಿನ ಹಿಡಿಗಳು ಮಾತ್ರ ಬೆಣ್ಣೆಯಂತೆ ತಿರುಗುತ್ತವೆ. ತಗಡಿನ ಮೇಲೆ ಬಣ್ಣವಿತ್ತು. ಹಳದಿಯಲ್ಲ, ಬೂದಿ ಬಣ್ಣ. ಹೊರಗಡೆ ಒಂದು ಮೂಲೆಯಲ್ಲಿ ಉಪ್ಪುಕಾಗದ ಹಾಕಿ ತಿಕ್ಕಿದೆ. ಹಳದಿಯ ಕೆಳಗೂ ಅದೇ ಬೂದಿ. ಅಂದರೆ ಕಾರು ಬೂದಿ ಬಣ್ಣದ್ದಾಗಿದ್ದಾಗಲೇ ಕೊಯ್ದದ್ದು. ಆ ಸೋಮವಾರ ನಿನ್ನ ಅಮ್ಮ ಬೀದಿಯ ಕೊನೆಯವರೆಗೂ ಬೂದಿ ಬಣ್ಣದ ಕಾರಿನ ಹಿಂದೆ ಓಡಿದ್ದಳು.

ಹಳದಿ ಬಳಿದವರು ಬಸ್ ನಿಲ್ದಾಣದ ಹಿಂದೆ ಡ್ರೈವಿಂಗ್ ಸ್ಕೂಲ್ ಇಟ್ಟಿದ್ದವರು. ಹುಡುಕಿಕೊಂಡು ಹೋದೆ. ವಯಸ್ಸಾಗಿದೆ, ಮಾತಿನ ಚಟ ಹೋಗಿಲ್ಲ. ಅದೇ ಕಚೇರಿಯ ಹರಾಜಿನಲ್ಲಿ ತಂದದ್ದಂತೆ. ಅಂಥವು ನಾಲ್ಕು ನಿಂತಿದ್ದವಂತೆ, ನಾಲ್ಕೂ ಬೂದಿ ಬಣ್ಣದವು, ನಾಲ್ಕಕ್ಕೂ ಹಿಂದೆ ಹಿಡಿ ಇಲ್ಲ. ಕಲಿಯುವವರು ಕೂರುವುದು ಮುಂದೆ, ಹಿಂದಿನ ಬಾಗಿಲು ಕಟ್ಟಿಕೊಂಡು ಏನಾಗಬೇಕು ಎಂದು ಇವರೂ ಬಿಟ್ಟರಂತೆ. “ನಾನು ತಮಾಷೆ ಮಾಡ್ತಿದ್ದೆ, ಒಳ್ಳೇದೇ ಆಯ್ತು, ಫೀಸು ಕೊಡದವರನ್ನ ಹಿಂದೆ ಕೂರಿಸ್ಬಹುದು ಅಂತ” ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ನೀವು ಯಾರ ಮನೆಯವರು ಎಂದು ಕೇಳಿದರು. ಹೇಳಿದೆ. ಅವರು ಎದ್ದು ಕಿಟಕಿ ಮುಚ್ಚಿದರು. “ಅಮ್ಮಾ, ನಾನೇನೂ ಹೇಳಿಲ್ಲ, ನೀವೇನೂ ಕೇಳಿಲ್ಲ. ಕಾಫಿ ಕುಡೀತೀರಾ?”

ನಾನು ಯಾರಿಗೂ ಬಾಯಿ ಬಿಡಲಿಲ್ಲ. ಆದರೂ ಮೊನ್ನೆ ಗುರುವಾರ ಗೇಟಿನ ಬಳಿ ಒಬ್ಬ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಹಳೇ ಕಾರುಗಳೆಂದರೆ ತನಗೆ ಪ್ರಾಣ, ನಿಮ್ಮದನ್ನು ಒಮ್ಮೆ ನೋಡಬಹುದೇ ಎಂದ. ಒಳಗೆ ಬಿಟ್ಟೆ. ಗುಬ್ಬಿ, ಹಳೇ ಕಾರಿನ ಹುಚ್ಚು ಇರುವವನು ಮೊದಲು ಕೇಳುವುದು ಬಾನೆಟ್ಟು ಎತ್ತಿ ಎಂದು. ಗಂಡಾಗಲಿ ಹೆಣ್ಣಾಗಲಿ, ನಾನು ನೋಡಿದವರೆಲ್ಲ ಹಾಗೇ. ಇವನು ಎಂಜಿನ್ನಿನ ಕಡೆ ತಲೆ ಸಹ ಹಾಕಲಿಲ್ಲ. ನೇರ ಹಿಂದಕ್ಕೆ ಹೋಗಿ ಎಡಬಾಗಿಲು ತೆಗೆದ, ಹಾಕಿದ, ಮತ್ತೆ ತೆಗೆದ. “ಇದರ ಹೊದಿಕೆ ಬಿಚ್ಚಿದ್ದೀರಾ?”

ರಬ್ಬರು ಹಾಕಲು ಬಿಚ್ಚಿದ್ದೆ ಎಂದೆ.

“ಹಳೇ ಕಾರಲ್ವಾ. ಜಾಸ್ತಿ ಬಿಚ್ಚಕ್ಕೆ ಹೋಗ್ಬೇಡಿ ಅಮ್ಮಾ. ಆಮೇಲೆ ಮತ್ತೆ ಜೋಡಿಸಕ್ಕೆ ಬರಲ್ಲ” ಎಂದು ನಮಸ್ಕಾರ ಹೇಳಿ ಹೋದ. ಬೀದಿಯ ಆ ಬದಿಯಲ್ಲಿ ನಿಂತು ನಮ್ಮ ಮನೆಯ ಮುಂಭಾಗವನ್ನು ತುಂಬಾ ಹೊತ್ತು ನೋಡಿದ. ಅವನಿಗೆ ಹೇಳಿದವರು ಡ್ರೈವಿಂಗ್ ಸ್ಕೂಲಿನವರೇ, ಶೆಡ್ಡಿನಲ್ಲಿ ನಾನು ಬಾಗಿಲು ಬಿಚ್ಚುವುದನ್ನು ನೋಡಿದ ಬೇರೆ ಯಾರಾದರೂ ಇರಬಹುದೇ, ಗೊತ್ತಿಲ್ಲ. ಅಂದಿನಿಂದ ತರಕಾರಿ ತೂಗುವವನ ಮುಖವನ್ನೂ ಎರಡು ಸಲ ನೋಡುತ್ತೇನೆ. ಶೆಡ್ಡಿಗೆ ಹೋದರೆ ಬೆನ್ನು ಗೋಡೆಗೆ ಹಾಕಿ ಕೂರುತ್ತೇನೆ. ಸ್ಪ್ಯಾನರ್ ಹಿಡಿದರೆ ಕೈ ಬೆವರಿ ಜಾರುತ್ತದೆ. ಇಷ್ಟು ವರ್ಷ ಕಾದು ಸಂಪಾದಿಸಿದ ಆ ಮಧ್ಯಾಹ್ನಗಳನ್ನೂ ಅವರು ತೆಗೆದುಕೊಂಡುಬಿಟ್ಟರು.

ನಿನ್ನ ಮಾವನಿಗೆ ಎಲ್ಲವನ್ನೂ ಹೇಳಿದೆ. ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. ಹೊಸ ಹಿಡಿ ಹಾಕಿ ಕಾರನ್ನು ಯಾರಿಗಾದರೂ ದಾಟಿಸಿಬಿಡೋಣ ಎಂದರು. “ಹಳೇ ಗಾಯ ಕೆರೆದ್ರೆ ರಕ್ತ ಬರೋದು ನಮಗೇನೇ ಕಣೆ. ಅವರಿಗೆ ಬರಲ್ಲ.” ಗಾಯ ಮಾಗಿದ್ದರೆ ಅಲ್ಲವೇ ಹಳೆಯದು ಎನ್ನುವುದು ಎಂದೆ.

ಅವರ ಭಯವನ್ನು ನಾನು ಹಂಗಿಸುವುದಿಲ್ಲ. ಆ ಹೇಳಿಕೆಗೆ ಸಹಿ ಹಾಕಿದವರು ಈಗ ನಿವೃತ್ತರು, ನಗರದ ಹಿರಿಯರು, ಯಾವ ಸಭೆಗೆ ಹೋದರೂ ನಡುವಿನ ಕುರ್ಚಿ ಅವರದು. ಮುಂದಿನ ಶನಿವಾರ ನಮ್ಮ ಗ್ರಂಥಾಲಯದಲ್ಲೇ ಅವರ ಭಾಷಣ. ವಿಷಯ, ನಾಗರಿಕರ ಕರ್ತವ್ಯ. ಕೊನೆಗೆ ಪ್ರಶ್ನೆಗಳಿಗೆ ಸಮಯವಿದೆ ಎಂದು ಬಾಗಿಲಿನ ಫಲಕದಲ್ಲಿ ಬರೆದಿದ್ದಾರೆ. ಆ ಫಲಕವನ್ನು ಎರಡು ಸಲ ಓದಿ, ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಇತಿಹಾಸದ ಕಪಾಟನ್ನು ಅಷ್ಟು ವರ್ಷ ಒರೆಸಿ ಒಪ್ಪವಾಗಿಟ್ಟವಳು ನಾನು. ಅನ್ಯಾಯ ಮಾಡಿದವರು ಹೆಚ್ಚಾಗಿ ಹಾಸಿಗೆಯ ಮೇಲೆಯೇ, ಮಕ್ಕಳು ಮೊಮ್ಮಕ್ಕಳ ನಡುವೆ ಕಣ್ಣು ಮುಚ್ಚುತ್ತಾರೆಂಬುದನ್ನು ಅಲ್ಲಿ ಸಾಕಷ್ಟು ಓದಿದ್ದೇನೆ. ಆದರೆ ನಾನು ಒರೆಸಿಟ್ಟ ಸಭಾಂಗಣದಲ್ಲಿ ಅವರು ಕರ್ತವ್ಯದ ಪಾಠ ಹೇಳುವುದನ್ನು ಕೇಳಿಕೊಂಡು ಮನೆಗೆ ಬರಲಾರೆ.

ಹಾಗಾಗಿ ನಿನ್ನೆ ಎಡಬಾಗಿಲಿನ ಕೀಲುಗಳನ್ನು ಬಿಚ್ಚಲು ಕುಳಿತೆ. ಶನಿವಾರ ಬಾಗಿಲನ್ನು ಆ ಸಭಾಂಗಣಕ್ಕೆ ಒಯ್ಯುತ್ತೇನೆ ಎಂದು ನಿನ್ನ ಮಾವನಿಗೂ ಹೇಳಿದ್ದೆ. ಇದೇ ಕಾರು ಎಂದು ನಾನು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ನಾಲ್ಕೂ ಒಂದೇ ತರಹ ಇದ್ದವು. ಕೊನೆಯ ತಿರುಪು ಬಿಚ್ಚುವಾಗ ಬಾಗಿಲಿನ ಭಾರವೆಲ್ಲ ನನ್ನ ಮಂಡಿಯ ಮೇಲೆ ಬಂತು. ಹಿಂದಿನಿಂದ ಎರಡು ಕೈ ಬಂದು ಅದನ್ನು ಹಿಡಿದವು. “ಇದು ಭಾರ ಇದೆ. ಶನಿವಾರ ನೀನೊಬ್ಳೇ ಹೇಗೆ ಎತ್ತುತೀಯ?” ಎಂದರು ನಿನ್ನ ಮಾವ. ಇಬ್ಬರೂ ಸೇರಿ ಅದನ್ನು ನಡುಮನೆಗೆ ತಂದು, ಹಾಸಿಗೆಯ ಹೊದಿಕೆ ಸುತ್ತಿಟ್ಟಿದ್ದೇವೆ.

ನೀನು ಬರಲೇಬೇಕೆಂದು ಹೇಳುವುದಿಲ್ಲ. ನಿನಗೆ ಕೆಲಸವಿದೆ, ಮಕ್ಕಳಿದ್ದಾರೆ, ನಾಳೆ ಯಾರಾದರೂ ನಿನ್ನ ಗೇಟಿನ ಬಳಿಯೂ ಬಂದು ಮೆತ್ತಗೆ ಮಾತಾಡಬಹುದು. ನೀನು ಅಲ್ಲಿಯೇ ಇದ್ದರೂ ನನಗೆ ಬೇಸರವಿಲ್ಲ. ಆದರೆ “ಎಲ್ಲೋ ಇನ್ನೊಂದು ಸಂಸಾರ ಮಾಡ್ಕೊಂಡು ಚೆನ್ನಾಗಿದ್ದಾನೆ ಬಿಡಿ ಅತ್ತೆ” ಎಂದು ನಿನ್ನಪ್ಪನ ಬಗ್ಗೆ ಇನ್ನು ಹೇಳಬೇಡ. ನಿನ್ನ ಅಮ್ಮ ಆಸ್ಪತ್ರೆಯಲ್ಲಿ ಕೊನೆಗೆ ನನಗೆ ಹೇಳಿದ್ದೂ ಅಂಥದ್ದೇ ಮಾತು: “ಕಾರಿನ ಬಾಗಿಲು ತೆಗೆಯಕ್ಕೆ ಬಂತು ನಿಮ್ಮಣ್ಣಂಗೆ. ಮನೆ ಬಾಗಿಲು ತೆಗೆಯಕ್ಕೆ ಬರ್ಲಿಲ್ಲ.” ಅವಳು ಅದನ್ನು ನಂಬಿಕೊಂಡೇ ಹೋದಳು. ನೀನು ಹಾಗೆ ಬಾಳಬೇಡ. ಅವನು ನಿನ್ನನ್ನು ಬಿಟ್ಟು ಹೋಗಲಿಲ್ಲ ಮಗಳೇ.

ನಿನ್ನ ಮಕ್ಕಳ ಕೆನ್ನೆಗೆ ನನ್ನ ಮುತ್ತು. ನಿನ್ನ ಯಜಮಾನರಿಗೆ ನನ್ನ ನೆನಪು ಹೇಳು. ಬೆನ್ನು ನೋಡಿಕೋ, ಭಾರ ಎತ್ತಬೇಡ. ನಿನ್ನ ಮನೆಯಲ್ಲಿ ಬೆಳಕು ತುಂಬಿರಲಿ, ನಿನ್ನ ಬಾಗಿಲು ತಟ್ಟುವವರೆಲ್ಲ ನಿನ್ನವರೇ ಆಗಿರಲಿ.

ನಿನ್ನ ಸೋದರತ್ತೆ

ಮತ್ತೆ ಸೇರಿಸಿದ್ದು: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಓಡಿಹೋದವನು ಎನ್ನುವುದು ನಿನಗೆ ಬೈಗುಳವಾಗಿತ್ತು; ನನಗೆ ಮಾತ್ರ ಅದೇ ಆಸರೆಯಾಗಿತ್ತು. ಓಡಿಹೋದವನು ಎಲ್ಲಾದರೂ ಇರುತ್ತಾನೆ. ಗ್ರಂಥಾಲಯಕ್ಕೆ ಹೊಸ ಮುದುಕರು ಯಾರು ಬಂದರೂ ನಾನು ಮೊದಲು ಅವರ ಕಿವಿ ನೋಡುತ್ತಿದ್ದೆ, ನಮ್ಮ ಮನೆತನದ ಕಿವಿಯೇ ಎಂದು. ಪ್ರತಿವರ್ಷ ಅವನಿಗೊಂದು ವಯಸ್ಸು ಕೂಡಿಸುತ್ತಾ, ಈಗ ಕನ್ನಡಕ ಬಂದಿರಬೇಕು, ಈಗ ಕೋಲು ಹಿಡಿದಿರಬೇಕು ಎಂದು ನನ್ನೊಳಗೇ ಅವನನ್ನು ಮುದುಕನಾಗಲು ಬಿಟ್ಟಿದ್ದೆ. ಆ ಬಾಗಿಲಿನ ಒಳಹೊದಿಕೆ ಬಿಚ್ಚಿದ ಮಧ್ಯಾಹ್ನ ನನ್ನ ಅಣ್ಣ ಸತ್ತ. ಬಿಚ್ಚಿದವಳು ನಾನೇ. ಕಾರು ಓಡದಿದ್ದರೂ ಎಂಜಿನ್ ಮಾತ್ರ ನಿಂತಲ್ಲೇ ಗುರುಗುಡುತ್ತದೆ; ಅಳಲು ಕೂಡ ಭಯವಾಗಿ, ಅದನ್ನು ಚಾಲೂ ಮಾಡಿ ಅದರ ಸದ್ದಿನಲ್ಲಿ ಅತ್ತೆ.

ಶನಿವಾರ ನಾನು ಕೇಳುವುದು ಇಷ್ಟೇ. ನನ್ನನ್ನು ಮಾತಾಡಲು ಬಿಡದಿದ್ದರೆ ನೀನು ಎಲ್ಲಾದರೂ ಕೇಳು, ಪತ್ರಿಕೆಗೆ ಬರೆದು ಕೇಳು, ಒಂದಕ್ಷರವನ್ನೂ ಬದಲಿಸಬೇಡ:

ಸ್ವಾಮಿ, ಒಳಗಿನಿಂದ ತೆರೆಯಲಾಗದ ಬಾಗಿಲನ್ನು ನಮ್ಮಣ್ಣ ತೆರೆದ ಎಂದು ನೀವು ಸಹಿ ಹಾಕಿದ್ದೀರಿ. ಆ ಬಾಗಿಲನ್ನು ಹೊರಗಿನಿಂದ ತೆರೆದವರು ಯಾರು? ಎಲ್ಲಿ ತೆರೆದರು? ನನ್ನ ಕಿವಿಯಲ್ಲಿ ಬೇಡ. ಇಲ್ಲಿ, ಇವರೆಲ್ಲರಿಗೂ ಕೇಳುವಂತೆ ಹೇಳಿ.